ಹೆಡ್ ಹೋಗಿಲ್ಲ, ಬಹುಶಃ ಲೈಟ್ ಸಯಾನ್ ಕಟ್ಟಿದೆ: ಮನೆ ಫೋಟೋ ಪ್ರಿಂಟರ್ ಇಟ್ಕೊಂಡವರಿಗೆ

ಪ್ರಶ್ನೆ: ಮಗಳ ನಾಮಕರಣದ ಫೋಟೋಗಳನ್ನ ಮನೇಲೇ ಪ್ರಿಂಟ್ ಹಾಕೋಣ ಅಂತ ಆರು ಬಣ್ಣದ ಇಂಕ್ ಟ್ಯಾಂಕ್ ಫೋಟೋ ಪ್ರಿಂಟರ್ ತಗೊಂಡ್ವಿ. ಮೊದಲ ತಿಂಗಳು ಸೂಪರ್ ಆಗಿ ಬಂತು, ಆಮೇಲೆ ಎರಡು ತಿಂಗಳು ಮುಟ್ಟಿರ್ಲಿಲ್ಲ. ಈಗ ಫೋಟೋ ತುಂಬಾ ಸಣ್ಣ ಸಣ್ಣ ಅಡ್ಡ ಗೆರೆ, ಎಲ್ಲರ ಮುಖಾನೂ ಕೆಂಪಗೆ, ಮೇಲಾಗಿ ಫೋನಲ್ಲಿ ಕಾಣೋದಕ್ಕಿಂತ ಕಪ್ಪಗೆ ಬರುತ್ತೆ. ಹೆಡ್ ಕ್ಲೀನಿಂಗ್ ಏಳೆಂಟು ಸಲ ಕೊಟ್ಟಾಯ್ತು. ಅಂಗಡಿಯವರು ಹೆಡ್ ಹೋಗಿದೆ, ಹೊಸದು ಹಾಕೋಕೆ ಪ್ರಿಂಟರ್ ರೇಟಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುತ್ತೆ ಅಂದ್ರು. ಹಾಕಿಸ್ಲಾ, ಮಾರಿಬಿಡ್ಲಾ? ಅಸಲಿಗೆ ಮನೇಲಿ ಫೋಟೋ ಪ್ರಿಂಟ್ ಮಾಡೋದು ಲಾಭಾನಾ?

ಉತ್ತರ: ಮೊದಲು ಒಂದು ವಿಷಯ, ಒಂಬತ್ತನೇ ಸಲ ಹೆಡ್ (ಕಾಗದದ ಮೇಲೆ ಇಂಕ್ ಉದುರಿಸೋ ಭಾಗ) ಕ್ಲೀನಿಂಗ್ ಒತ್ತಬೇಡಿ. ದುಡ್ಡು ಕೊಟ್ಟು ತಂದ ಇಂಕನ್ನ ಪ್ರಿಂಟರ್ ಹೊಟ್ಟೆಯೊಳಗಿನ ಸ್ಪಂಜಿಗೆ ಸುರೀತಿದೀರ ಅಷ್ಟೇ, ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ನೀವು ಮೂರು ತೊಂದರೆ ಹೇಳಿದೀರ, ಗೆರೆ, ಕೆಂಪು ಮುಖ, ಕಪ್ಪು. ನನ್ನ ಅಂದಾಜಲ್ಲಿ ಮೊದಲೆರಡು ಒಂದೇ ತೊಂದರೆ, ಮೂರನೇದಕ್ಕೂ ಪ್ರಿಂಟರಿಗೂ ಸಂಬಂಧಾನೇ ಇಲ್ಲ.

ಆರು ಬಣ್ಣದ ಹೆಚ್ಚಿನ ಮಷಿನ್ನಲ್ಲಿ ಸಯಾನ್ (ನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಜೊತೆಗೆ ಲೈಟ್ ಸಯಾನ್, ಲೈಟ್ ಮಜೆಂಟಾ ಅಂತ ಇನ್ನೆರಡು ಇರುತ್ತೆ ಅಲ್ವಾ, ಅದು ಯಾಕಿರುತ್ತೆ ಗೊತ್ತಾ? ಮಗುವಿನ ಕೆನ್ನೆ, ಆಕಾಶ, ಬಿಳಿ ಪಂಚೆಯ ಮಡಿಕೆ ನೆರಳು, ಇಂಥ ತಿಳಿ ಜಾಗದಲ್ಲಿ ಗಾಢ ಇಂಕಿನ ಚುಕ್ಕಿ ಅಲ್ಲೊಂದು ಇಲ್ಲೊಂದು ಬಿದ್ರೆ ಕಾಳುಮೆಣಸಿನ ಪುಡಿ ಚೆಲ್ಲಿದಂಗೆ ಕಾಣುತ್ತೆ, ಅದಕ್ಕೇ ತೆಳು ಇಂಕಿನ ಚುಕ್ಕಿ ಒತ್ತೊತ್ತಾಗಿ ಹಾಕಿ ನುಣ್ಣಗೆ ಮಾಡ್ತಾರೆ. ಅಂದ್ರೆ ಮುಖದ ಬಣ್ಣ ಪೂರ್ತಿ ನಿಂತಿರೋದೇ ಈ ಎರಡು ತೆಳು ಇಂಕಿನ ಮೇಲೆ. ಈಗ ಲೈಟ್ ಸಯಾನ್ ನಾಝಲಲ್ಲಿ, ಅಂದ್ರೆ ಹೆಡ್ಡಲ್ಲಿ ಇಂಕ್ ಹೊರಬರೋ ಸಣ್ಣ ತೂತುಗಳಲ್ಲಿ, ಅರ್ಧ ಕಟ್ಟಿಕೊಂಡ್ರೆ ಏನಾಗುತ್ತೆ? ಮಜೆಂಟಾ, ಹಳದಿ ಮಾಮೂಲಾಗಿ ಬೀಳ್ತವೆ, ಅದನ್ನ ತಣ್ಣಗೆ ಮಾಡೋ ಸಯಾನ್ ಬೀಳಲ್ಲ, ಎಲ್ಲರೂ ಬಿಸಿಲಲ್ಲಿ ಜಾತ್ರೆ ತಿರುಗಿ ಬಂದವರ ಥರ ಕೆಂಪಾಗ್ತಾರೆ. ಇಂಕ್ ಬೀಳದ ಕಡೆ ಗೆರೆ. ಒಂದೇ ಕಾಯಿಲೆ, ಎರಡು ಲಕ್ಷಣ.

ಖಾತ್ರಿ ಮಾಡ್ಕೊಳ್ಳೋದು ಸುಲಭ. ಪ್ರಿಂಟರ್ ಮೆನುನಲ್ಲೋ ಕಂಪ್ಯೂಟರಿನ ಪ್ರಿಂಟರ್ ಸಾಫ್ಟ್‌ವೇರಲ್ಲೋ ನಾಝಲ್ ಚೆಕ್ ಅಂತಿರುತ್ತೆ, ಮಾಮೂಲಿ ಎ4 ಹಾಳೆ ಮೇಲೆ ತೆಗೀರಿ, ಒಂದೊಂದು ಬಣ್ಣಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಬರ್ತವೆ, ತಿಳಿ ಬಣ್ಣ ಸರಿಯಾಗಿ ಕಾಣಲ್ಲ ಅದಕ್ಕೆ ಕಿಟಕಿ ಹತ್ರ ಹಿಡಿದು ನೋಡಿ. ಎಲ್ಲೆಲ್ಲಿ ಗೆರೆ ತುಂಡಾಗಿದೆಯೋ ಅಲ್ಲಿ ನಾಝಲ್ ಕಟ್ಟಿದೆ ಅಂತ. ಈ ಹಾಳೆ ನೋಡದೆ ಹೆಡ್ ಹೋಗಿದೆ ಅಂತ ಯಾರೇ ಹೇಳಿದ್ರೂ ಜ್ವರ ಎಷ್ಟಿದೆ ನೋಡದೆ ಆಸ್ಪತ್ರೆಗೆ ಸೇರಿಸಿ ಅಂದಂಗೆ. ನಿಮ್ಮ ಅಂಗಡಿಯವರು ತೆಗೆದು ತೋರಿಸಿದ್ರಾ ಅಂತ ನೀವು ಬರೆದಿಲ್ಲ, ಹಾಗಾಗಿ ತೋರಿಸಿಲ್ಲ ಅಂತಲೇ ಅಂದ್ಕೊಳ್ತೀನಿ.

ಈಗ ಕ್ಲೀನಿಂಗ್ ವಿಷಯ. ಕ್ಲೀನಿಂಗ್ ಅಂದ್ರೆ ಬ್ರಷ್ ಹಾಕಿ ಉಜ್ಜೋದಲ್ಲ, ಹೆಡ್ ಕೆಳಗಿನ ರಬ್ಬರ್ ಮುಚ್ಚಳದ ಮೂಲಕ ಪಂಪ್ ಇಂಕನ್ನ ಎಳೆಯುತ್ತೆ, ಎಳೆದ ಇಂಕ್ ವೇಸ್ಟ್ ಪ್ಯಾಡಿಗೆ, ಅಂದ್ರೆ ಆಗ್ಲೇ ಹೇಳಿದ ಸ್ಪಂಜಿಗೆ ಹೋಗುತ್ತೆ. ಒಂದರ ಮೇಲೊಂದು ಕೊಡ್ತಾ ಹೋದ್ರೆ ಒಳಗೆ ಗಾಳಿಗುಳ್ಳೆ ಸೇರಿ ಮೊದಲು ಸರಿ ಇದ್ದ ಬಣ್ಣಾನೂ ಕಟ್ ಆಗೋಕೆ ಶುರುವಾಗುತ್ತೆ, ಜನ ಗಾಬರಿಯಾಗಿ ಮತ್ತೂ ಎರಡು ಸಲ ಕೊಡ್ತಾರೆ. ನನ್ನ ಪದ್ಧತಿ ಏನಂದ್ರೆ ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್, ಸುಧಾರಿಸಿದೆಯಾ ನೋಡೋದು, ಹೀಗೆ ಹೆಚ್ಚಂದ್ರೆ ಮೂರು ಸಲ, ಆಮೇಲೆ ಪವರ್ ಬಟನ್ನಿಂದ ಆಫ್ ಮಾಡಿ 12 ಗಂಟೆ ಅದರ ಸುದ್ದಿಗೆ ಹೋಗದೆ ಇರೋದು. ಆ ಹೊತ್ತಲ್ಲಿ ಗಾಳಿಗುಳ್ಳೆ ಮೇಲೆ ಹೋಗುತ್ತೆ, ಒಣಗಿದ ಇಂಕು ಹೊಸ ಇಂಕಲ್ಲಿ ನೆನೆದು ಬಿಡುತ್ತೆ. ಗಟ್ಟಿ ಕಟ್ಟಿದ ದೋಸೆ ಹಿಟ್ಟಿನ ಪಾತ್ರೆ ಉಜ್ಜೋದಕ್ಕಿಂತ ರಾತ್ರಿ ನೀರು ಹಾಕಿಡೋದು ಮೇಲಲ್ವಾ, ಅದೇ ಲೆಕ್ಕ. ಬೆಳಿಗ್ಗೆ ಎದ್ದು ಬರೀ ನಾಝಲ್ ಚೆಕ್ ತೆಗೆದ್ರೆ ಎಷ್ಟೋ ಸಲ ತಾನಾಗೇ ಗೆರೆ ವಾಪಸ್ ಬಂದಿರುತ್ತೆ.

ಅದಕ್ಕೂ ಬಗ್ಗದಿದ್ರೆ ಪವರ್ ಕ್ಲೀನಿಂಗ್ ಅಂತ ದೊಡ್ಡ ಅಸ್ತ್ರ ಇದೆ, ಟ್ಯಾಂಕಿಗೂ ಹೆಡ್ಡಿಗೂ ನಡುವಿನ ಪೈಪಲ್ಲಿರೋ ಇಂಕನ್ನೆಲ್ಲ ಬದಲಾಯಿಸಿಬಿಡುತ್ತೆ. ಆದ್ರೆ ಎಲ್ಲ ಟ್ಯಾಂಕಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಕ್ ಇರ್ಲೇಬೇಕು, ಇಲ್ಲಾಂದ್ರೆ ಪೈಪಿಗೆ ಗಾಳಿ ನುಗ್ಗಿ ಈಗಿರೋದಕ್ಕಿಂತ ದೊಡ್ಡ ತಲೆನೋವು. ಒಂದು ಸಲ ಮಾಡಿ, ಮತ್ತೆ 12 ಗಂಟೆ ಬಿಡಿ. ಅದೂ ಆಗ್ಲಿಲ್ಲ ಅಂದ್ರೆ ಆಗ ಹೆಡ್ ಬಗ್ಗೆ ಮಾತಾಡೋಣ. ಯೂಟ್ಯೂಬ್ ನೋಡಿಕೊಂಡು ಸಿರಿಂಜಲ್ಲಿ ಸ್ಪಿರಿಟ್ ಹಾಕಿ ಜೋರಾಗಿ ಒತ್ತೋ ಕೆಲಸ ದಯವಿಟ್ಟು ಬೇಡ, ಒಳಗಿನ ಸೀಲು ಕಿತ್ತುಹೋಗಿ ಬಣ್ಣ ಬಣ್ಣಕ್ಕೆ ಬೆರೆತ್ರೆ ಆಮೇಲೆ ನಿಜವಾಗ್ಲೂ ಹೆಡ್ ಹೋಯ್ತು.

ಹೆಡ್ ಯಾಕೆ ಅಷ್ಟು ದುಬಾರಿ ಅಂತ ನಿಮಗೆ ಅನ್ನಿಸಿರಬಹುದು. ಇಂಕ್‌ಜೆಟ್‌ನಲ್ಲಿ ಎರಡು ಕುಲ ಇದೆ. ಕ್ಯಾನನ್, ಎಚ್‌ಪಿಯದ್ದು ಬಿಸಿ ಪದ್ಧತಿ, ಪುಟ್ಟ ಹೀಟರ್ ಇಂಕನ್ನ ಕ್ಷಣದಲ್ಲಿ ಕುದಿಸಿ ಗುಳ್ಳೆ ಎಬ್ಬಿಸುತ್ತೆ, ಆ ಗುಳ್ಳೆ ಹನಿಯನ್ನ ಹೊರಗೆ ತಳ್ಳುತ್ತೆ. 1977ರಲ್ಲಿ ಕ್ಯಾನನ್ ಲ್ಯಾಬಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಅಪ್ಪಿತಪ್ಪಿ ಇಂಕ್ ಸಿರಿಂಜ್ ಸೂಜಿಗೆ ತಾಗಿ ಇಂಕ್ ಚಿಮ್ಮಿತಂತೆ, ಅಲ್ಲಿಂದ ಬಂದಿದ್ದೇ ಈ ಐಡಿಯಾ ಅಂತ ಆ ಕಂಪನಿಯವರೇ ಹೇಳ್ತಾರೆ. ಎಪ್ಸನ್‌ದು ಪೀಝೋ ಪದ್ಧತಿ, ಕರೆಂಟ್ ಕೊಟ್ರೆ ಬಾಗೋ ಪುಟ್ಟ ಹರಳು ಇಂಕನ್ನ ಒತ್ತಿ ಹನಿ ಉದುರಿಸುತ್ತೆ, ಕುದಿಸೋದಿಲ್ಲ. ಬಿಸಿ ಪದ್ಧತಿಯ ಹೆಡ್ ಸವೆಯೋ ವಸ್ತು, ಹಾಗಾಗಿ ಆ ಕಡೆಯ ಹಲವು ಮಾಡೆಲಲ್ಲಿ ಹೆಡ್ಡನ್ನ ನೀವೇ ಬಿಚ್ಚಿ ಬದಲಾಯಿಸಬಹುದು. ಪೀಝೋ ಹೆಡ್ ಮಷಿನ್ ಬಾಳಿದಷ್ಟು ಕಾಲ ಬಾಳ್ಲಿ ಅಂತ ಮಾಡಿದ್ದು, ಕೂರಿಸಿರೋದೂ ಹಾಗೇ, ಬೆಲೇನೂ ಹಾಗೇ. ನಿಮ್ಮದು ಯಾವ ಕುಲ ಅಂತ ಮೊದಲು ನೋಡ್ಕೊಳ್ಳಿ.

ಕಟ್ಟಿದ್ದು ಯಾಕೆ ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೇಲೇ ಇದೆ, ಎರಡು ತಿಂಗಳು ಮುಟ್ಟಿಲ್ಲ. ಸೇದದ ಬಾವಿ ನೀರು ಕೆಡುತ್ತೆ ಅಂತ ನಮ್ಮಜ್ಜಿ ಹೇಳೋರು, ಇಂಕ್‌ಜೆಟ್ಟಿಗೆ ಇದಕ್ಕಿಂತ ಒಳ್ಳೇ ಮ್ಯಾನುಯಲ್ ಇಲ್ಲ. ಕೂದಲೆಳೆಗಿಂತ ಸಣ್ಣ ತೂತುಗಳು, ತುದೀಲಿ ನೀರಿನಂಥ ಇಂಕು, ಒಣಗದೆ ಏನು ಮಾಡುತ್ತೆ. ವಾರಕ್ಕೊಂದು ಸಲ ಆರೂ ಬಣ್ಣ ಇರೋ ಒಂದು ಪುಟ್ಟ ಚಿತ್ರ ಮಾಮೂಲಿ ಹಾಳೇಲಿ ತೆಗೀರಿ, ನಾನು ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಮಾಡ್ತೀನಿ, ಆ ಹಾಳೆ ಹಿಂದೆ ಮನೆ ಸಾಮಾನಿನ ಪಟ್ಟಿ ಬರೆಯೋಕಾಗುತ್ತೆ. ಬರೀ ಕಪ್ಪು ಅಕ್ಷರದ ಪ್ರಿಂಟ್ ತೆಗೆದ್ರೆ ಬಾಕಿ ಐದಕ್ಕೆ ಏನೂ ಉಪಯೋಗ ಇಲ್ಲ, ನೆನಪಿರ್ಲಿ.

ಇನ್ನೊಂದು ನಮ್ಮ ಮನೆಗಳ ಅಭ್ಯಾಸ ಇದೆ, ಮಲಗೋ ಮುಂಚೆ ಮನೆಯ ಸ್ವಿಚ್ಚೆಲ್ಲ ಆಫ್ ಮಾಡ್ಕೊಂಡು ಬರೋದು. ಪ್ರಿಂಟರನ್ನ ಯಾವತ್ತೂ ಗೋಡೆ ಸ್ವಿಚ್ಚಿಂದ ಆಫ್ ಮಾಡಬಾರದು. ಪವರ್ ಬಟನ್ ಒತ್ತಿದ್ರೆ ಅದು ಹೆಡ್ಡನ್ನ ಬಲಗಡೆ ಮೂಲೆಗೆ ತಗೊಂಡು ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರಿಸಿ ಆಮೇಲೆ ನಿದ್ದೆ ಹೋಗುತ್ತೆ, ಗೋಡೆ ಸ್ವಿಚ್ ತೆಗೆದ್ರೆ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ನಿಲ್ಲೋ ಸಾಧ್ಯತೆ ಇದೆ, ಬೆಳಿಗ್ಗೆ ಹೊತ್ತಿಗೆ ಒಣ ಮೀನು. ಪ್ರಿಂಟ್ ನಡುವೆ ಕರೆಂಟ್ ಹೋದ್ರೂ ಇದೇ ಕಥೆ. ಇಂಕ್‌ಜೆಟ್ ಇಪ್ಪತ್ತು ವ್ಯಾಟ್ ಆಸುಪಾಸು ಅಷ್ಟೇ ತಿನ್ನೋದು, ಕಂಪ್ಯೂಟರಿನ ಸಣ್ಣ ಯುಪಿಎಸ್ಸಿಗೇ ಧಾರಾಳವಾಗಿ ಹಾಕಬಹುದು. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಹಾಕ್ಬೇಡಿ, ಅದು ಬಕಾಸುರ.

ವೇಸ್ಟ್ ಪ್ಯಾಡ್ ಅಂದೆನಲ್ಲ, ಅದು ತುಂಬುತ್ತೆ, ಪ್ರಿಂಟರ್ ಒಳಗೆ ಒಂದು ಲೆಕ್ಕ ಇಟ್ಟಿರುತ್ತೆ, ಒಂದು ದಿನ ಕೆಂಪು ದೀಪ ಹಾಕಿ ಮುಷ್ಕರ ಹೂಡುತ್ತೆ. ಹೊಸ ಮಾಡೆಲ್‌ಗಳು ಸುಮಾರಿಗೆ ಮೆಂಟೆನೆನ್ಸ್ ಬಾಕ್ಸ್ ಅಂತ ಕೊಡ್ತಾವೆ, ಎಳೆದು ಹೊಸದು ತುರುಕಿದ್ರೆ ಮುಗೀತು. ಹಳೇದ್ರಲ್ಲಿ ಬಿಚ್ಚಬೇಕು. ಬೀದಿಗೊಬ್ಬರು ರೀಸೆಟ್ ಸಾಫ್ಟ್‌ವೇರ್ ಹಾಕಿ ಲೆಕ್ಕವನ್ನ ಸೊನ್ನೆ ಮಾಡಿಕೊಡೋರು ಸಿಗ್ತಾರೆ, ಲೆಕ್ಕ ಸೊನ್ನೆ ಆಯ್ತು ಸರಿ, ಸ್ಪಂಜು ಸೊನ್ನೆ ಆಯ್ತಾ? ನನ್ನ ಬಳಿ ಹಿಂದೆ ಇದ್ದ ಒಂದು ಪ್ರಿಂಟರಿಗೆ ನಾನೇ ಈ ಜಾಣತನ ಮಾಡಿ, ಮೂರು ತಿಂಗಳಿಗೆ ತೇಗದ ಟೇಬಲ್ ಮೇಲೆ ನೇರಳೆ ಬಣ್ಣದ ಕೆರೆ ಆಗಿತ್ತು, ಆ ಕಲೆ ಈಗಲೂ ಇದೆ, ಮೇಲೆ ಟೇಬಲ್ ಕ್ಲಾತ್ ಹಾಸಿದೀವಿ.

ಈಗ ಮೂರನೇದು, ಕಪ್ಪಗೆ ಬರೋದು. ನಿಮ್ಮ ಫೋನ್ ಸ್ಕ್ರೀನ್ ತಾನೇ ಬೆಳಗುತ್ತೆ, ಕಾಗದ ಮನೆ ಬೆಳಕನ್ನ ವಾಪಸ್ ಕೊಡುತ್ತೆ ಅಷ್ಟೇ. ಫೋಟೋ ಕೆಲಸ ಮಾಡೋರು ಮಾನಿಟರ್ ಬೆಳಕನ್ನ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಿ ಇಟ್ಕೊಂಡಿರ್ತಾರೆ, ನಾವು ಹಿಡ್ಕೊಂಡಿರೋ ಫೋನು ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಅದರ ನಾಲ್ಕೈದು ಪಟ್ಟು ಸಲೀಸಾಗಿ ಕೊಡುತ್ತೆ. ಮೀಟರ್ ಗೀಟರ್ ಏನೂ ಬೇಡ, ಒಂದು ಖಾಲಿ ಫೋಟೋ ಪೇಪರನ್ನ ಸ್ಕ್ರೀನ್ ಪಕ್ಕ ಹಿಡೀರಿ, ಸ್ಕ್ರೀನಿನ ಬಿಳಿ ಕಾಗದದ ಬಿಳಿಯಷ್ಟೇ ಕಾಣೋವರೆಗೂ ಬ್ರೈಟ್‌ನೆಸ್ ಇಳಿಸಿ, ಈಗ ಫೋಟೋ ನೋಡಿ. ಕಪ್ಪಗಿದೆ ಅನ್ಸುತ್ತಲ್ವಾ? ಅದೇ ನಿಮ್ಮ ಪ್ರಿಂಟು. ಆ ಸ್ಥಿತಿಯಲ್ಲಿ ಚೆನ್ನಾಗಿ ಕಾಣೋವರೆಗೂ ಎಡಿಟ್ ಆ್ಯಪಲ್ಲಿ ನೆರಳು, ಎಕ್ಸ್‌ಪೋಶರ್ ಸ್ವಲ್ಪ ಎತ್ತಿ ಪ್ರಿಂಟ್ ಕೊಡಿ. ಮತ್ತೆ, ಸ್ಕ್ರೀನಲ್ಲಿ ಕಾಣೋ ಕೆಲವು ಬಣ್ಣ ಇಂಕಿಗೆ ದಕ್ಕೋದೇ ಇಲ್ಲ, ಸ್ಟೇಜಿನ ಎಲ್‌ಇಡಿ ನೀಲಿ ನೇರಳೆ ಬೆಳಕಿದೆಯಲ್ಲ ಅದು ಪ್ರಿಂಟಲ್ಲಿ ಮಂಕಾಗೇ ಬರುತ್ತೆ, ಜರಿಯ ಹೊಳಪು ಹಳದಿ ಕಂದಾಗುತ್ತೆ, ಅದಕ್ಕೆ ಮಷಿನ್ನಿಗೆ ಬೈಯಬೇಡಿ.

ಪೇಪರ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಜನ ಪ್ರಿಂಟರಿಗೆ ಇಪ್ಪತ್ತು ಸಾವಿರ ಹಾಕಿ ಪೇಪರಲ್ಲಿ ಹತ್ತು ರೂಪಾಯಿ ಉಳಿಸೋಕೆ ನೋಡ್ತಾರೆ. ಅಂಗಡೀಲಿ ಫೋಟೋ ಗ್ಲಾಸಿ ಅಂತ ಸಿಗೋದ್ರಲ್ಲಿ ಎರಡು ಜಾತಿ. ಅಗ್ಗದ್ದು ಕಾಸ್ಟ್ ಕೋಟೆಡ್, ಮಾಮೂಲಿ ಕಾಗದದ ಮೇಲೆ ಹೊಳಪಿನ ಲೇಪ, ಹಿಂಭಾಗ ಮುಟ್ಟಿದ್ರೆ ನೋಟ್‌ಬುಕ್ ಹಾಳೆ ಥರ ಇರುತ್ತೆ. ಒಳ್ಳೇದು ಆರ್‌ಸಿ (ರೆಸಿನ್ ಕೋಟೆಡ್), ಕಾಗದದ ಎರಡೂ ಕಡೆ ಪ್ಲಾಸ್ಟಿಕ್ ಪದರ, ಅದರ ಮೇಲೆ ಸಿಲಿಕಾದಂಥದ್ದರ ಸಣ್ಣ ಸಣ್ಣ ರಂಧ್ರದ ಲೇಪ, ಸ್ಟುಡಿಯೋ ಫೋಟೋ ಹಿಡಿದಂಗೇ ಕೈಗೆ ಬರುತ್ತೆ. 180 ಜಿಎಸ್‌ಎಂ, 270 ಜಿಎಸ್‌ಎಂ ಅನ್ನೋದು ಬರೀ ತೂಕ, ದಪ್ಪ ಇದ್ದ ಮಾತ್ರಕ್ಕೆ ಆರ್‌ಸಿ ಅಲ್ಲ. ಶಾಲೆ ಪ್ರಾಜೆಕ್ಟಿಗೆ ಅಗ್ಗದ್ದೇ ಸಾಕು, ಆಲ್ಬಮ್ಮಿಗೆ ಆರ್‌ಸಿ ತಗೊಳ್ಳಿ. ಯಾವ ಮುಖಕ್ಕೆ ಪ್ರಿಂಟ್ ಅಂತ ಗೊತ್ತಾಗದಿದ್ರೆ ಮೂಲೇಲಿ ಸ್ವಲ್ಪ ಒದ್ದೆ ಬೆರಳು ಒತ್ತಿ, ಅಂಟಂಟು ಅನ್ನಿಸಿದ ಕಡೆ ಲೇಪ ಇದೆ.

ಆಮೇಲೆ ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಅಂತ ಕೇಳುತ್ತಲ್ಲ, ಅದು ಶೋಕಿಗೆ ಇರೋ ಆಪ್ಶನ್ ಅಲ್ಲ. ಎಷ್ಟು ಇಂಕ್ ಹಾಕ್ಬೇಕು, ಬಣ್ಣ ಹೇಗೆ ಬೆರೆಸಬೇಕು ಎಲ್ಲಾ ಅದರ ಮೇಲೇ ತೀರ್ಮಾನ ಆಗೋದು. ಗ್ಲಾಸಿ ಹಾಕಿ ಪ್ಲೇನ್ ಅಂತ ಬಿಟ್ರೆ ಸಪ್ಪೆ ಸಾರು, ಅಗ್ಗದ ಪೇಪರ್ ಹಾಕಿ ಪ್ರೀಮಿಯಂ ಗ್ಲಾಸಿ ಅಂತ ಕೊಟ್ರೆ ಇಂಕ್ ಹೀರೋಕಾಗದೆ ಕೆರೆಯಾಗಿ ನಿಂತು ನೆರಳೆಲ್ಲ ಕಪ್ಪಾಗುತ್ತೆ. ಬೇರೆ ಕಂಪನಿ ಪೇಪರಾದ್ರೆ ಒಂದೇ ಫೋಟೋವನ್ನ ಎರಡು ಮೂರು ಸೆಟ್ಟಿಂಗಲ್ಲಿ ತೆಗೆದು, ಹಿಂದೆ ಪೆನ್ಸಿಲಲ್ಲಿ ಸೆಟ್ಟಿಂಗ್ ಬರೆದು, ಚೆನ್ನಾಗಿರೋದನ್ನ ಪೇಪರ್ ಪ್ಯಾಕೆಟ್ ಮೇಲೆ ಗುರುತು ಹಾಕಿಟ್ಕೊಳ್ಳಿ.

ನಿಮ್ಮ ಊರು ಯಾವುದೋ ಗೊತ್ತಿಲ್ಲ, ಮಲೆನಾಡೋ ಕರಾವಳಿಯೋ ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಪೇಪರನ್ನ ಟ್ರೇಯಲ್ಲಿ ಬಿಡಲೇಬೇಡಿ, ತೇವ ಕುಡಿದು ಹಪ್ಪಳದಂಗೆ ಬಾಗುತ್ತೆ, ಬಾಗಿದ ಅಂಚು ಹೆಡ್ಡಿಗೆ ತಾಗಿ ಕಪ್ಪು ಗೀರು ಬೀಳುತ್ತೆ, ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತೆ. ಜಿಪ್ ಕವರಲ್ಲಿ ಹಾಕಿ ಬೀರುವಿನಲ್ಲಿಡಿ. ರಾಯಚೂರು ಕಲಬುರಗಿ ಬೇಸಿಗೆ ಆದ್ರೆ ಉಲ್ಟಾ, ಪೇಪರ್ ಆರಾಮಾಗಿರುತ್ತೆ ನಾಝಲ್ ಒಣಗುತ್ತೆ, ಅಲ್ಲಿ ವಾರಕ್ಕೆರಡು ಸಲ ಪ್ರಿಂಟ್ ತೆಗೀರಿ.

ಫೈಲ್ ವಿಷಯ ಬೇಗ ಮುಗಿಸ್ತೀನಿ. 4x6 ಇಂಚಿನ ಫೋಟೋಗೆ 300 ಪಿಪಿಐ, ಅಂದ್ರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 1200x1800 ಪಿಕ್ಸೆಲ್ ಸಾಕು, ಅಂದ್ರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ, ಎ4ಗೆ 2480x3508. ವಾಟ್ಸಾಪ್ ಮಾಮೂಲಿ ಕಳಿಸೋ ಫೋಟೋ ಉದ್ದಕ್ಕೆ 1600 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿರುತ್ತೆ, 4x6ಗೆ ಹೆಂಗೋ ನಡೆಯುತ್ತೆ ಎ4ಗೆ ಹಾಕಿದ್ರೆ ಮಗುವಿನ ಮುಖ ಮೇಣದಂಗೆ ಕಾಣುತ್ತೆ, ಚಿಕ್ಕಪ್ಪನ ಹತ್ರ ಫೋಟೋ ತರಿಸಿಕೊಳ್ಳೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಇನ್ನೊಂದು, ಫೋನ್ ಫೋಟೋದ ಉದ್ದ ಅಗಲದ ಅನುಪಾತ ಸಾಮಾನ್ಯವಾಗಿ 4:3, ನಮ್ಮ 4x6 ಪೇಪರ್‌ದು 3:2, ಹಾಗಾಗಿ ಬಾರ್ಡರ್ ಇಲ್ಲದೆ ತೆಗೆದ್ರೆ ಒಂದು ಕಡೆಯಿಂದ ಒಂಬತ್ತರಲ್ಲಿ ಒಂದು ಭಾಗ ಕತ್ತರಿ, ಅದೂ ಸಾಲದು ಅಂತ ಬಿಳಿ ಅಂಚು ಉಳೀಬಾರದು ಅಂತ ಪ್ರಿಂಟರ್ ಚಿತ್ರಾನ ಸ್ವಲ್ಪ ಹಿಗ್ಗಿಸಿ ಹೊರಗೆ ಚೆಲ್ಲುತ್ತೆ. ತುದೀಲಿ ನಿಂತ ಸೋದರತ್ತೆ ಅರ್ಧ ಹೋದ್ರೆ ಆಮೇಲೆ ನೀವೇ ಉತ್ತರ ಕೊಡ್ಬೇಕು, ಮೊದಲೇ ನೀವೇ ಕ್ರಾಪ್ ಮಾಡಿ ನೋಡ್ಕೊಳ್ಳಿ.

ಬಾಳಿಕೆ. ನಿಮ್ಮ ಮಷಿನ್ನಲ್ಲಿರೋದು ಹೆಚ್ಚೂ ಕಮ್ಮಿ ಡೈ ಇಂಕ್, ಬಣ್ಣ ನೀರಲ್ಲಿ ಕರಗಿರುತ್ತೆ, ಹೊಳಪು ಚೆನ್ನಾಗಿ ಬರುತ್ತೆ, ಬಿಸಿಲು, ಗಾಳಿ, ನೀರು ಮೂರಕ್ಕೂ ಹೆದರುತ್ತೆ. ಪಿಗ್ಮೆಂಟ್ ಇಂಕಲ್ಲಿ ಬಣ್ಣದ ಪುಡಿ ತೇಲ್ತಿರುತ್ತೆ, ಬಾಳಿಕೆ ಜಾಸ್ತಿ, ಆದ್ರೆ ಆ ಪ್ರಿಂಟರ್‌ಗಳ ಬೆಲೆ ಬೇರೆ ಲೋಕದ್ದು. 2000ನೇ ಇಸವಿಯಲ್ಲಿ ಎಪ್ಸನ್‌ದು ಸ್ಟೈಲಸ್ ಫೋಟೋ 870, 1270 ಅಂತ ಬಂದಾಗ ಕೆಲವರ ಪ್ರಿಂಟು ಕೆಲವೇ ದಿನದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ ದೊಡ್ಡ ಗಲಾಟೆಯಾಗಿತ್ತು, ಕಾರಣ ಬಿಸಿಲಲ್ಲ, ಗಾಳಿಯಲ್ಲಿರೋ ಓಝೋನ್, ಅದು ರಂಧ್ರದ ಪೇಪರೊಳಗೆ ನುಗ್ಗಿ ಸಯಾನ್ ಬಣ್ಣಾನ ತಿಂದಿತ್ತು. ಅಲ್ಲಿಂದೀಚೆಗೆ ಇಂಕು ತುಂಬಾ ಸುಧಾರಿಸಿದೆ, ಆದ್ರೂ ಗೋಡೆಗೆ ಬರೀ ಫೋಟೋ ಅಂಟಿಸಬೇಡಿ, ಗಾಜಿನ ಫ್ರೇಮಿಗೆ ಹಾಕಿ ಇಲ್ಲಾ ಆಲ್ಬಮ್ಮಿಗೆ ಹಾಕಿ. ಫ್ರೇಮ್ ಹಾಕೋ ಮುಂಚೆ ಒಂದು ದಿನ ಒಣಗಿಸಿ, ಇಲ್ಲಾಂದ್ರೆ ಇಂಕಿನ ಆವಿ ಗಾಜಿನ ಒಳಗಡೆ ಮಂಜು ಕಟ್ಟುತ್ತೆ. ದೇವರ ಮನೇಲಿಡೋದಾದ್ರೆ ಲ್ಯಾಮಿನೇಟ್ ಮಾಡ್ಸಿ, ಅರಿಶಿನ ಕುಂಕುಮದ ಒದ್ದೆ ಕೈ ತಾಗಿದ್ರೆ ಡೈ ಇಂಕ್ ಹರಿಯುತ್ತೆ.

ಇಂಕ್ ಯಾವುದು ಹಾಕ್ಬೇಕು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಕಂಪನಿದೇ ಹಾಕಿ. ಹೊರಗಿನ ಇಂಕು ಅಂದ್ರೆ ಪಾಪ ಅಂತಲ್ಲ, ಈ ಟ್ಯಾಂಕ್ ಪ್ರಿಂಟರ್ ಹುಟ್ಟಿದ್ದಕ್ಕೆ ಅದೂ ಒಂದು ಕಾರಣ. ಕಾರ್ಟ್ರಿಡ್ಜ್ ರೇಟ್ ತಡೆಯೋಕಾಗದೆ ನಮ್ಮಂಥ ದೇಶಗಳಲ್ಲಿ ಜನ ಪ್ರಿಂಟರ್ ಪಕ್ಕಕ್ಕೆ ಬಾಟಲಿ ಕಟ್ಟಿ ಪೈಪ್ ಎಳ್ಕೊಂಡು ನಡೆಸ್ತಿದ್ರು, ಅದನ್ನ ನೋಡಿ ಎಪ್ಸನ್ ಕಂಪನಿಯವರೇ 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲ ಸಲ ಟ್ಯಾಂಕ್ ಮಾಡೆಲ್ ಬಿಟ್ಟಿದ್ದು. ಆದ್ರೆ ಈಗ ಬಾಟಲಿ ಇಂಕಿಗೆ ಉಳಿಸೋ ದುಡ್ಡು ಫೋಟೋಗೆ ಒಂದು ರೂಪಾಯಿ ಅಷ್ಟೇ, ಬಣ್ಣ ತಪ್ಪಿದ್ರೆ ಹಾಳಾಗೋ ಪೇಪರೇ ಅದಕ್ಕಿಂತ ಜಾಸ್ತಿ. ತುಂಬೋವಾಗ ಹುಷಾರು. ನಾನು ಒಮ್ಮೆ ಮಾತಾಡ್ತಾ ಮಾತಾಡ್ತಾ ಲೈಟ್ ಸಯಾನ್ ಟ್ಯಾಂಕಿಗೆ ಸಯಾನ್ ಸುರಿದು ಒಂದು ವಾರ ಎಲ್ಲರನ್ನೂ ಶ್ರೀಕೃಷ್ಣ ಮಾಡಿದ್ದೆ.

ಕೊನೇ ಪ್ರಶ್ನೆ, ಲಾಭಾನಾ? ಇಲ್ಲ. ಎಪ್ಸನ್ ಎಲ್805 ಅಂತ ಆರು ಬಣ್ಣದ ಹಳೇ ಮಾಡೆಲನ್ನ ಉದಾಹರಣೆಗೆ ತಗೊಳ್ಳಿ, 70 ಎಂಎಲ್‌ನ ಆರು ಬಾಟಲಿಗೆ 1800 ಫೋಟೋ ಅಂತ ಕಂಪನಿ ಲೆಕ್ಕ, ಬಾಟಲಿಗೆ ಆರುನೂರು ಚಿಲ್ಲರೆ ಹಿಡಿದ್ರೂ 4x6ಗೆ ಇಂಕಿಗೆ ಎರಡು ಎರಡೂವರೆ ರೂಪಾಯಿ. ಒಳ್ಳೇ ಪೇಪರಿಗೆ ಐದರಿಂದ ಎಂಟು. ಕ್ಲೀನಿಂಗಲ್ಲಿ ಹೋಗೋದು, ಹಾಳಾದ ಹಾಳೆ ಸೇರಿಸಿದ್ರೆ ಹತ್ತು ಹತ್ತಿರ ಬಂತು, ನಮ್ಮೂರ ಲ್ಯಾಬಲ್ಲೂ ಹೆಚ್ಚೂ ಕಮ್ಮಿ ಅಷ್ಟೇ ತಗೋತಾರೆ, ಮಷಿನ್ ದುಡ್ಡು ಬೇರೆ. ಹಾಗಾಗಿ ದುಡ್ಡು ಉಳಿಸೋಕೆ ಅಂತ ತಗೊಂಡಿದ್ರೆ ಮಾರಿಬಿಡಿ. ರಾತ್ರಿ ಹತ್ತಕ್ಕೆ ನೆನಪಾದ ಮಗಳ ಪಾಸ್‌ಪೋರ್ಟ್ ಫೋಟೋ, 35x45 ಮಿಲಿಮೀಟರಿನದು ಒಂದು 4x6 ಹಾಳೇಲಿ ಎಂಟು ಕೂರುತ್ತೆ, ಬಂದ ನೆಂಟರ ಕೈಗೆ ಹೊರಡೋ ಮುಂಚೆ ಕೊಡೋ ಫೋಟೋ, ಇಷ್ಟ ಬಂದಂಗೆ ಬಣ್ಣ ತಿದ್ದಿ ಮತ್ತೆ ತೆಗೆಯೋ ಹುಚ್ಚು, ಇವು ಬೇಕು ಅನ್ಸಿದ್ರೆ ಇಟ್ಕೊಳ್ಳಿ, ನಾನು ಇಟ್ಕೊಂಡಿರೋದೂ ಇದಕ್ಕೇ.

ವಾರಕ್ಕೊಂದು ಪ್ರಿಂಟ್ ತೆಗೆಯೋ ವ್ಯವಧಾನ ಇಲ್ಲ, ಆದ್ರೂ ಮನೇಲಿ ಬೇಕು ಅನ್ನೋರಿಗೆ ಕ್ಯಾನನ್ ಸೆಲ್ಫಿ (SELPHY) ಥರದ ಡೈ ಸಬ್ಲಿಮೇಶನ್ ಪುಟಾಣಿ ಪ್ರಿಂಟರ್ ಇದೆ. ಅದರಲ್ಲಿ ಇಂಕೇ ಇಲ್ಲ, ಬಣ್ಣದ ರಿಬ್ಬನ್, ಹಳದಿ, ಮಜೆಂಟಾ, ಸಯಾನ್, ಕೊನೆಗೊಂದು ರಕ್ಷಣೆ ಪದರ ಅಂತ ಪೇಪರ್ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತೆ, ಮಕ್ಕಳಿಗೆ ನೋಡೋಕೆ ಮಜಾ. ಆರು ತಿಂಗಳು ಬಿಟ್ರೂ ಕಟ್ಟಲ್ಲ. 4x6ಗಿಂತ ದೊಡ್ಡದು ಬರಲ್ಲ, ಒಂದೊಂದು ಫೋಟೋಗೆ ಖರ್ಚೂ ಜಾಸ್ತಿ.

ಸದ್ಯಕ್ಕೆ ನೀವು ಮಾಡಬೇಕಾದ್ದು, ಇವತ್ತು ರಾತ್ರಿ ಪವರ್ ಬಟನ್ನಿಂದ ಆಫ್ ಮಾಡಿ ಮಲಗಿ. ನಾಳೆ ಬೆಳಿಗ್ಗೆ ಕ್ಲೀನಿಂಗ್ ಕೊಡದೆ ಬರೀ ನಾಝಲ್ ಚೆಕ್ ತೆಗೆದು ಲೈಟ್ ಸಯಾನ್ ಸಾಲು ಎಷ್ಟು ತುಂಡಾಗಿದೆ ನೋಡಿ, ಆ ಹಾಳೇನೂ ಕೆಂಪಾದ ಒಂದು ಫೋಟೋನೂ ಜೊತೆಗಿಟ್ಟು ಫೋಟೋ ಹೊಡೆದು ಕಳಿಸಿ. ಹೆಡ್ಡಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ?